ಕೊಚ್ಚಿಯಲ್ಲಿ ಹಡಗು ನಿಲ್ಲುವ ಎಂಟು ಗಂಟೆ: ಬಳ್ಳಾರಿ ಪ್ರವಾಸಿಗರ ಬಳಗದಲ್ಲಿ ಪ್ರಶ್ನೋತ್ತರ

ಸದಸ್ಯ, ಗಾಂಧಿನಗರ, ಬಳ್ಳಾರಿ: ಸರ್, ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ನಮ್ಮ ಹಡಗು ಶನಿವಾರ ಬೆಳಿಗ್ಗೆ 9ಕ್ಕೆ ಕೊಚ್ಚಿ ತಲುಪಿ ಸಂಜೆ 5ಕ್ಕೆ ಬಿಡುತ್ತದೆ. ತಂದೆಯವರಿಗೆ 74 ವರ್ಷ. ಮಂಡಿನೋವಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಟ್ಯಾಕ್ಸಿಯಲ್ಲಿ ಆಲಪ್ಪುಳಕ್ಕೆ ಹೋಗಿ, ದೋಣಿಮನೆಯಲ್ಲಿ ಊಟ ಮುಗಿಸಿ, ಬರುವಾಗ ಫೋರ್ಟ್ ಕೊಚ್ಚಿಯನ್ನೂ ನೋಡಬಹುದೇ?

ಪ್ರವಾಸ ಸಂಯೋಜಕರು: ದಯವಿಟ್ಟು ಆಲಪ್ಪುಳವನ್ನು ಕೈಬಿಡಿ. ಅದು ಹೆಚ್ಚುಕಡಿಮೆ ಬಳ್ಳಾರಿಯಿಂದ ಹೊಸಪೇಟೆಗೆ ಹೋದಷ್ಟೇ ದೂರವೆಂಬುದು ನಿಜ. ಆದರೆ ಅರೂರಿನಿಂದ ತುರವೂರಿನವರೆಗೆ ಮೇಲ್ಸೇತುವೆಯ ಕಾಮಗಾರಿಯಿಂದಾಗಿ ಆ ಹೆದ್ದಾರಿಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತ ದಿನಗಳಿವೆ. ಹಡಗು 9ಕ್ಕೆ ಬಂದರೂ ಇಳಿಯುವ ಸಾಲು ಕರಗಿ ಗೇಟು ದಾಟುವಷ್ಟರಲ್ಲಿ 10 ಆಗಿರುತ್ತದೆ. 5ಕ್ಕೆ ಬಿಡುವ ಹಡಗಿಗೆ 4ರ ಹೊತ್ತಿಗೇ ಹತ್ತಿರಬೇಕಾಗುತ್ತದೆ. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ನೀವು ಮಾಡಿಕೊಂಡ ಟ್ಯಾಕ್ಸಿಗಾಗಿ ಯಾರೂ ಕಾಯುವುದಿಲ್ಲ. ಮುಂದಿನ ನಿಲ್ದಾಣ ಲಕ್ಷದ್ವೀಪವಾದ್ದರಿಂದ, ಪ್ರವೇಶ ಪರವಾನಗಿಯಿಲ್ಲದೆ ಅಲ್ಲಿಗೆ ಹಿಂದೆಯೇ ಹೋಗಿ ಸೇರಿಕೊಳ್ಳುವುದೂ ಸಾಧ್ಯವಿಲ್ಲ. ನನ್ನನ್ನು ಹೆಚ್ಚು ಹೆದರಿಸುವುದು ಇನ್ಸುಲಿನ್: ನೀವು ದಡದಲ್ಲಿ ಉಳಿದು ಔಷಧಿ ಹಡಗಿನ ಕೋಣೆಯಲ್ಲಿ ಉಳಿದರೆ ಆ ರಾತ್ರಿ ಏನು ಮಾಡುತ್ತೀರಿ? ಎಲ್ಲಿಗೇ ಇಳಿದರೂ ಔಷಧಿ, ವೈದ್ಯರ ಚೀಟಿ, ಗುರುತಿನ ಚೀಟಿ ಕೈಚೀಲದಲ್ಲಿರಲಿ.

ಹಡಗು ನಿಲ್ಲುವ ವಿಲ್ಲಿಂಗ್ಡನ್ ದ್ವೀಪವೇ ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಬಂದರು ಕಟ್ಟಿಸುವಾಗ ಹಿನ್ನೀರಿನ ತಳದಿಂದ ತೆಗೆದ ಹೂಳಿನಿಂದ ಆದದ್ದು. ಫೋರ್ಟ್ ಕೊಚ್ಚಿ ಅಲ್ಲಿಂದ ಹತ್ತಿರ. ಮೊದಲು ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಹೋಗಿ. 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಅಲ್ಲಿಯೇ. ಅವಶೇಷಗಳನ್ನು ಅನಂತರ ಪೋರ್ಚುಗಲ್‌ಗೆ ಒಯ್ದರು. ಅಲ್ಲಿಂದ ದಡದಲ್ಲಿ ನಿಲ್ಲಿಸಿ ಮೀನು ಹಿಡಿಯುವ ಚೀನೀ ಬಲೆಗಳವರೆಗಿನ ದಾರಿ ಸಮತಟ್ಟಾಗಿರುವುದರಿಂದ ತಂದೆಯವರಿಗೆ ಕಷ್ಟವಾಗದು. ಮಟ್ಟಾಂಚೇರಿ ಅರಮನೆಯಲ್ಲಿ ರಾಮಾಯಣದ ಭಿತ್ತಿಚಿತ್ರಗಳಿವೆ, ಆದರೆ ಮೆಟ್ಟಿಲು ಹತ್ತಬೇಕು. 1568ರ ಪರದೇಶಿ ಯಹೂದಿ ಮಂದಿರ ಶನಿವಾರ ಮುಚ್ಚಿರುತ್ತದೆ. ಬಳ್ಳಾರಿಯ ಬಿಸಿಲನ್ನೇ ಕಂಡವರು ನಾವು ಎಂಬ ಧೈರ್ಯವೂ ಬೇಡ. ಅಲ್ಲಿ ಬೆವರು ಆರುವುದಿಲ್ಲ.

ಸದಸ್ಯ, ಸಿರುಗುಪ್ಪ: ಪಾಸ್‌ಪೋರ್ಟ್ ಬೇಕೇ?

ಸಂಯೋಜಕರು: ಭಾರತದ ಬಂದರುಗಳಲ್ಲಷ್ಟೇ ನಿಲ್ಲುವ ಪ್ರವಾಸಕ್ಕೆ ಬೇಡ. ಕೊಲಂಬೊ ಇದ್ದರೆ ಬೇಕು.

ಸದಸ್ಯೆ, ಸಿಂಧನೂರು: ಗುಂಪೊಂದರಲ್ಲಿ ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ. ಹಡಗು ಹತ್ತುವ ದಿನ ಉಪವಾಸವಿದ್ದು ಹೊಕ್ಕುಳಿಗೆ ಇಂಗು ಹಚ್ಚಿಕೊಂಡರೆ ವಾಂತಿಯಾಗುವುದಿಲ್ಲವಂತೆ.

ಸಂಯೋಜಕರು: ಅಮ್ಮ, ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯ ಮೇಲೆಯೇ ಇರುವಾಗ ಉಪವಾಸದ ಸಲಹೆ ಹಂಚುತ್ತೀರಲ್ಲ! ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಇಂಗು ಸಾರಿಗಿರಲಿ. ಹಿತಮಿತವಾಗಿ ತಿನ್ನಿ, ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಕೋಣೆ ಕೇಳಿ, ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಳ್ಳಿ.

ಸದಸ್ಯೆ, ಸಿಂಧನೂರು: ಒಳ್ಳೆಯದಾಗಲಿ ಎಂದು ಹಾಕಿದೆ. ಇಷ್ಟು ಗದರುವ ಅಗತ್ಯವಿರಲಿಲ್ಲ.

ಸದಸ್ಯ, ಮಾನ್ವಿ: ಪಾಸ್‌ಪೋರ್ಟ್ ಕಡ್ಡಾಯವೇ ಸರ್? ಹಡಗಿನಲ್ಲಿ ಜೋಳದ ರೊಟ್ಟಿ ಸಿಗುವುದೇ?

ಸಂಯೋಜಕರು: ಪಾಸ್‌ಪೋರ್ಟ್ ಬಗ್ಗೆ ಮೇಲೆ ಬರೆದಿದ್ದೇನೆ.

ಸದಸ್ಯ, ಗಂಗಾವತಿ: ಆ ಬಲೆಗಳನ್ನು ತಂದವನು ಚೀನಾದ ನೌಕಾಧಿಪತಿ ಝೆಂಗ್ ಹೇ ಎಂಬುದನ್ನೂ ತಿಳಿಸಬೇಕಿತ್ತು.

ಸದಸ್ಯ, ಕೊಪ್ಪಳ: ಅದು ಪ್ರವಾಸಿಗರಿಗೆ ಹೇಳುವ ಕಥೆ. ಚೀನಾ ತೀರದ ಮಕಾವುವಿನಿಂದ ಪೋರ್ಚುಗೀಸರು ತಂದರೆಂದು ವಾದಿಸುವವರಿದ್ದಾರೆ, ಬಲೆಯ ಭಾಗಗಳಿಗೆ ಪೋರ್ಚುಗೀಸ್ ಹೆಸರುಗಳಿರುವುದನ್ನು ಅವರು ಆಧಾರವಾಗಿ ತೋರಿಸುತ್ತಾರೆ.

ಸದಸ್ಯ, ಗಂಗಾವತಿ: ಹೆಸರು ಆಮೇಲೆಯೂ ಬಂದಿರಬಹುದು. ಝೆಂಗ್ ಹೇ ಪೋರ್ಚುಗೀಸರಿಗಿಂತ ಬಹಳ ಮೊದಲೇ ಕೊಚ್ಚಿಗೆ ಬಂದಿದ್ದ.

ಸದಸ್ಯ, ಕೊಪ್ಪಳ: ಬಂದಿದ್ದಕ್ಕೆ ಸಾಕ್ಷಿಯಿದೆ, ಬಲೆ ತಂದದ್ದಕ್ಕೆ ಎಲ್ಲಿದೆ? ತಾವು ಅದೇ ಹಡಗಿನಲ್ಲಿದ್ದಿರಾ?

ಸದಸ್ಯ, ಗಂಗಾವತಿ: ವಾದಿಸುವ ಮುನ್ನ ಮಾತನಾಡುವುದನ್ನು ಕಲಿಯಿರಿ.

ಸಂಯೋಜಕರು: ಇಬ್ಬರೂ ನಿಲ್ಲಿಸಿ. ಎರಡು ವಾದಗಳೂ ಇವೆ, ತೀರ್ಮಾನವಾಗಿಲ್ಲ.

ಸದಸ್ಯ, ಮಾನ್ವಿ: ರೊಟ್ಟಿಯ ಬಗ್ಗೆ ಯಾರೂ ಹೇಳಲಿಲ್ಲ.

ಸದಸ್ಯ, ಗಾಂಧಿನಗರ: ಧನ್ಯವಾದ ಸರ್, ಆಲಪ್ಪುಳ ಬಿಟ್ಟೆವು. ಅದರ ಬದಲು ಅತಿರಪ್ಪಿಳ್ಳಿ ಜಲಪಾತಕ್ಕೆ ಹೋಗಿಬರಬಹುದೇ?

ಸಂಯೋಜಕರು: ಅದು ಇನ್ನೂ ದೂರ. ಬೇಡ.