ಪದಚರ್ಚೆ: ಪೆರಿಮೆನೋಪಾಸ್‌ಗೆ ‘ಋತುಬಂಧಪೂರ್ವ’ ಸರಿಯಾ?

ಹೆಂಗಸರ ಆರೋಗ್ಯದ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೆನೋಪಾಸ್‌ಗೆ ಋತುಬಂಧ, ಮುಟ್ಟು ನಿಲ್ಲುವುದು ಎರಡೂ ಬಳಕೆಯಲ್ಲಿವೆ. ಪೆರಿಮೆನೋಪಾಸ್‌ಗೆ ‘ಋತುಬಂಧಪೂರ್ವ ಅವಧಿ’ ಅಂತ ಬರೆಯುವವರಿದ್ದಾರೆ. ನನಗೆ ಅದು ಒಗ್ಗುತ್ತಿಲ್ಲ. ಗ್ರೀಕಿನ ‘ಪೆರಿ’ ಅಂದರೆ ಸುತ್ತಮುತ್ತ. ವೈದ್ಯರ ಲೆಕ್ಕವೂ ಹಾಗೇ ಇದೆ. ಮುಟ್ಟು ಏರುಪೇರಾಗಲು ಶುರುವಾದಾಗಿನಿಂದ, ಕೊನೆಯ ಮುಟ್ಟಾಗಿ 12 ತಿಂಗಳು ತುಂಬುವವರೆಗೆ ಈ ಅವಧಿ. ಆ ಕೊನೆಯ ವರ್ಷವನ್ನು ‘ಪೂರ್ವ’ ಅನ್ನುವುದು ಹೇಗೆ?

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ‘ಪೂರ್ವ’ ಅಂದ ಕೂಡಲೇ ಇನ್ನೂ ಏನೂ ಶುರುವಾಗಿಲ್ಲ ಅನ್ನಿಸುತ್ತದೆ. ಆದರೆ ಮನಸ್ಸನ್ನು ಜಾಸ್ತಿ ಕಾಡುವುದು ಈ ವರ್ಷಗಳೇ. ಹೆಣ್ಣಿನ ಮುಖ್ಯ ಹಾರ್ಮೋನ್ ಈಸ್ಟ್ರೋಜನ್ ಒಂದೇ ಸಮನೆ ಇಳಿಯುವುದಿಲ್ಲ. ಕೆಲವೊಮ್ಮೆ ಮೊದಲಿಗಿಂತ ಮೇಲೇರಿ, ಮತ್ತೆ ಕುಸಿಯುತ್ತದೆ. ಮನಸ್ಸಿನ ಸ್ಥಿತಿಯಲ್ಲಿ ಪಾತ್ರವಿರುವ ಮೆದುಳಿನ ರಾಸಾಯನಿಕ ಸೆರೊಟೋನಿನ್‌ನ ಕೆಲಸಕ್ಕೂ ಈಸ್ಟ್ರೋಜನ್‌ಗೂ ನಂಟಿದೆ. ಜೊತೆಗೆ ರಾತ್ರಿ ಬೆವರಿ ಎಚ್ಚರವಾಗಿ ನಿದ್ದೆ ಕೆಡುತ್ತದೆ. ಮುಟ್ಟು ಇನ್ನೂ ಬರುತ್ತಿರುವಾಗಲೇ ಇದೆಲ್ಲ ನಡೆಯುವುದರಿಂದ, ಎಷ್ಟೋ ಜನರಿಗೆ ಒಂದಕ್ಕೊಂದು ಸಂಬಂಧ ಇರಬಹುದು ಅಂತ ಹೊಳೆಯುವುದೇ ಇಲ್ಲ. ಹಾಗಾಗಿ ‘ಮುಟ್ಟು ನಿಲ್ಲುವ ಆಸುಪಾಸಿನ ಕಾಲ’ ಅಂತ ಬರೆದುಕೊಂಡಿದ್ದೇನೆ. ಉದ್ದವಾಯಿತು, ಗೊತ್ತು.

ಮೂಡ್ ಸ್ವಿಂಗ್‌ಗೆ ‘ಮನಃಸ್ಥಿತಿಯ ಏರಿಳಿತ’ ಬೇಡ ಅನ್ನಿಸಿತು. ಸಿಡುಕು, ತಳಮಳ, ‘ಸುಮ್ನೆ ಅಳು ಬರುತ್ತೆ’ ಅನ್ನುವ ಮಾತುಗಳನ್ನೇ ಇಟ್ಟಿದ್ದೇನೆ. ‘ಖಿನ್ನತೆ’ಯನ್ನು ಮಾತ್ರ ಇವುಗಳ ಜೊತೆ ಬೆರೆಸಿಲ್ಲ. ಎರಡು ವಾರಕ್ಕೂ ಮೀರಿ, ದಿನದ ಬಹುಪಾಲು ಮನಸ್ಸು ಕುಗ್ಗಿ, ಯಾವುದೂ ಬೇಡ ಅನ್ನಿಸುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಹಿಂದೆ ಖಿನ್ನತೆ ಬಂದಿದ್ದವರಿಗೆ ಈ ಕಾಲದಲ್ಲಿ ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ಸಿಡುಕಿನ ಸಾಲಿನಲ್ಲಿ ಅದನ್ನೂ ಸೇರಿಸಿದರೆ ಓದುವವರು ಹಗುರವಾಗಿ ತೆಗೆದುಕೊಂಡುಬಿಡುತ್ತಾರೆ, ಅಲ್ವಾ?

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಬ್ರೈನ್ ಫಾಗ್ (ಯೋಚನೆ, ಗಮನ ಮಸುಕಾದಂತಾಗುವುದು) ಹತ್ತಿರ. ‘ಮೆದುಳಿನ ಮಂಜು’ ಯಾರ ಬಾಯಲ್ಲೂ ಇಲ್ಲ. ‘ಮರೆವು’ ಅಂದರೆ ಓದುಗರ ಯೋಚನೆ ನೇರ ಅರಳುಮರಳಿಗೆ ಹೋಗುತ್ತದೆ, ಸುಮ್ಮನೆ ಭಯ. ಇಲ್ಲಿ ಆಗುವುದು ಬೇರೆ. ಚೆನ್ನಾಗಿ ಗೊತ್ತಿರುವ ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಹೆಚ್ಚಿನವರಲ್ಲಿ ಇದು ಮುಂದೆ ಸುಧಾರಿಸುತ್ತದೆ ಕೂಡ. ‘ತಲೆಗೆ ಮಂಕು ಕವಿಯುವುದು’ ಅರ್ಥಕ್ಕೆ ಹತ್ತಿರ. ಆದರೆ ಮಂಕು ಬೈಗುಳವೂ ಹೌದು, ಮಂಕುದಿಣ್ಣೆ ಅಂತೀವಲ್ಲ! ಈಗಾಗಲೇ ತನ್ನ ಮೇಲೆ ತನಗೇ ಅನುಮಾನ ಬಂದಿರುವ ಹೆಂಗಸಿಗೆ ಆ ಪದ ಚುಚ್ಚಬಹುದಾ? ನಿಮ್ಮ ಮನೆಮಾತಿನಲ್ಲಿ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ.