ಮೂರು ಸ್ಟ್ರೈಕ್ ಆದ್ರೆ ಔಟ್?

ಶ್ರೀಧರ ಮಾವ (ಫಾರ್ವರ್ಡ್): ಅಮೆರಿಕದಲ್ಲಿ ಮೂರು ಸಲ ತಪ್ಪು ಮಾಡಿದರೆ ಸಾಯುವವರೆಗೂ ಜೈಲು! ತ್ರೀ ಸ್ಟ್ರೈಕ್ಸ್, ಯೂ ಆರ್ ಔಟ್! ನಮ್ಮಲ್ಲೂ ಬೇಕು ಎನ್ನುವವರು ಹತ್ತು ಜನರಿಗೆ ಕಳಿಸಿ.

ಶ್ರೀಧರ ಮಾವ: ನೂರಕ್ಕೆ ನೂರು ಸರಿ. ಎರಡು ಸಲ ಬಿಟ್ಟು ನೋಡಬೇಕು, ಆಮೇಲೆ ಮುಲಾಜಿಲ್ಲ.

ಪಲ್ಲವಿ: ಬಿಟ್ಟು ನೋಡೋದಲ್ಲ ಮಾವ, ಮೊದಲೆರಡಕ್ಕೂ ಶಿಕ್ಷೆ ಆಗಿರುತ್ತೆ. ಕಾನೂನೂ ರಾಜ್ಯಕ್ಕೊಂದು ಥರ. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಬಂತು. ಮೊದಲೆರಡು ಗಂಭೀರ ಅಪರಾಧ ಆಗಿರಬೇಕಿತ್ತು. ಮೂರನೆಯದಕ್ಕೆ ಆ ಷರತ್ತು ಇರಲಿಲ್ಲ.

ಅನಿಲ: ಅಲ್ಲೇ ಎಡವಟ್ಟಾಗಿದ್ದು. ಗ್ಯಾರಿ ಯೂಯಿಂಗ್ ಅಂತ ಒಬ್ಬ ಮೂರು ಗಾಲ್ಫ್ ಕೋಲುಗಳನ್ನು ಪ್ಯಾಂಟಿನ ಕಾಲೊಳಗೆ ಇಳಿಬಿಟ್ಟುಕೊಂಡು ಕುಂಟುತ್ತಾ ಅಂಗಡಿಯಿಂದ ಹೊರಟ. ಒಂದೊಂದಕ್ಕೆ 399 ಡಾಲರ್. ಕುಂಟೋದು ನೋಡಿಯೇ ಅಂಗಡಿಯವನಿಗೆ ಅನುಮಾನ ಬಂತು. ಕನಿಷ್ಠ 25 ವರ್ಷ, ಗರಿಷ್ಠ ಜೀವಾವಧಿ. 2003ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು, ಐವರು ಪರ, ನಾಲ್ವರು ವಿರುದ್ಧ.

ಶ್ರೀಧರ ಮಾವ: ಹಳೇ ಕೇಸು ಇದ್ದವಲ್ಲ? ಸುಮ್ನೆ ಗಾಲ್ಫ್ ಕೋಲು ಅಂತ ಕಣ್ಣೀರು ಹಾಕಬೇಡಿ.

ಅನಿಲ: ಇದ್ದವು. ಮನೆಗಳ್ಳತನ, ಚಾಕು ತೋರಿಸಿ ದರೋಡೆ. ಅವನೇನು ಸಾಧು ಅಂತ ನಾನೆಲ್ಲಿ ಹೇಳಿದೆ?

ಸುಮಾ ಚಿಕ್ಕಮ್ಮ: ಈ ಮಾತು ಬೇಸ್‌ಬಾಲ್‌ನಿಂದ ಬಂದಿದ್ದಲ್ವಾ? ಆ ಆಟದಲ್ಲಿ ಸ್ಟ್ರೈಕ್ ಅಂದ್ರೆ ಅಷ್ಟು ದೊಡ್ಡ ತಪ್ಪಾ?

ಪಲ್ಲವಿ: ಅಯ್ಯೋ ಇಲ್ಲ ಚಿಕ್ಕಮ್ಮ. ಬ್ಯಾಟ್ ಬೀಸಿ ಚೆಂಡು ಸಿಗದಿದ್ದರೆ ಸ್ಟ್ರೈಕ್. ಹೊಡೆಯುವಂಥ ಚೆಂಡು ಬಂದಾಗ ಸುಮ್ಮನೆ ನಿಂತರೂ ಸ್ಟ್ರೈಕ್. ಮೂರಾದರೆ ಬೆಂಚಿಗೆ. ಆದರೆ ಒಂಬತ್ತು ಜನರ ಸರದಿ ಸುತ್ತಿ ಬಂದರೆ ಅದೇ ಮ್ಯಾಚಲ್ಲಿ ಅವನೇ ಮತ್ತೆ ಬ್ಯಾಟ್ ಹಿಡಿಯುತ್ತಾನೆ! 714 ಹೋಂ ರನ್ (ನಮ್ಮ ಸಿಕ್ಸರ್ ಥರ) ಹೊಡೆದ ದಿಗ್ಗಜ ಆಟಗಾರ ಬೇಬ್ ರೂತ್ 1330 ಸಲ ಹೀಗೆ ಔಟಾಗಿದ್ದ. ಕಾನೂನು ಮಾಡಿದವರು ಆಟದಿಂದ ಮೂರರ ಲೆಕ್ಕ ತಗೊಂಡರು, ಮುಂದಿನ ಸರದಿಯನ್ನು ಅಲ್ಲೇ ಬಿಟ್ಟರು.

ಶ್ರೀಧರ ಮಾವ: ಆಟ ಆಟವೇ, ಕಳ್ಳತನ ಕಳ್ಳತನವೇ. ಅಲ್ಲಿನ ಜನರೇ ವೋಟ್ ಹಾಕಿ ತಂದಿದ್ದು ತಾನೇ?

ಪಲ್ಲವಿ: 2012ರಲ್ಲಿ ವೋಟ್ ಹಾಕಿಯೇ ಸಡಿಲ ಮಾಡಿದರು ಮಾವ. ಈಗ ಜೀವಾವಧಿಗೆ ಸಾಮಾನ್ಯವಾಗಿ ಮೂರನೆಯದೂ ಗಂಭೀರ ಅಪರಾಧವೇ ಆಗಿರಬೇಕು.

ಶ್ರೀಧರ ಮಾವ: ಏನಾದ್ರೂ ಹೇಳಿ, ನಾನು ಫಾರ್ವರ್ಡ್ ಅಳಿಸಲ್ಲ.

ಸುಮಾ ಚಿಕ್ಕಮ್ಮ: ಅಳಿಸಬೇಡ ಅಣ್ಣ. ಕೆಳಗೆ 2012ರ ವಿಷಯ ಒಂದು ಸಾಲು ಸೇರಿಸಿ, ಅದೇ ಹತ್ತು ಜನಕ್ಕೆ ಇನ್ನೊಂದ್ಸಲ ಕಳಿಸು.