ಕ್ಯಾಂಪಿನಾಗ ಹುಟ್ಟಿದವ್ರೂ ಸಿಎಎ (ಪೌರತ್ವ ತಿದ್ದುಪಡಿ ಕಾಯ್ದೆ) ಅರ್ಜಿ ಹಾಕಬೇಕೇನ್ರಿ? (ಸಿಂಧನೂರು)

ಜೆರಾಕ್ಸ್ ಅಂಗಡಿಯವ:
ನಂದು ಕೋರ್ಟ್ ಹತ್ರ ಜೆರಾಕ್ಸ್ ಅಂಗಡಿ ಐತ್ರಿ. ಅರ್ಜಿ ತುಂಬಿ ತುಂಬಿ ಅರ್ಧ ವಕೀಲ ಆಗೀನಿ, ಅದಕ್ಕ ಭಯ ಜಾಸ್ತಿ. ನಿನ್ನೆ ಆರ್‌ಎಚ್ ಕ್ಯಾಂಪಿನ (ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಇರೋ ಕ್ಯಾಂಪು) ಬಂಗಾಳಿ ಅಜ್ಜಿ ಮೊಮ್ಮಗಳನ್ನ ಕರ್ಕೊಂಡು ಬಂದಿದ್ರು. ಬಿಸ್ಕೀಟ್ ಡಬ್ಬಿಯಿಂದ ಒಂದು ಕಾಗದ ತೆಗೆದ್ರು. ರಾಯಪುರದ ಹತ್ರ ಮಾನಾ ನಿರಾಶ್ರಿತರ ಕ್ಯಾಂಪಿನಾಗ ಕೊಟ್ಟಿದ್ದಂತ. ನಾಕು ಮಡಿಕಿ, ಮಡಿಕಿ ಹರಿದಲ್ಲೆಲ್ಲ ಸೆಲೋಟೇಪು. ಗಂಡ, ಹೆಂಡ್ತಿ, ಒಂದು ಕೂಸಿನ ಹೆಸರು, ನೇರಳೆ ಶಿಕ್ಕಾ. ಮೂರು ಸಲ ಜೆರಾಕ್ಸ್ ತೆಗೆದ್ರೂ ಟೇಪಿನ ಕೆಳಗಿನ ಶಿಕ್ಕಾ ಮೂಡವಲ್ದು.

ಹುಡುಗಿ 2006ರಾಗ ಇಲ್ಲೇ ಹುಟ್ಯಾಳ. ನರ್ಸಿಂಗ್ ಓದ್ಯಾಳ, ಪಾಸ್‌ಪೋರ್ಟ್ ಬೇಕು. ಅವರಪ್ಪ 1984ರಾಗ ಕ್ಯಾಂಪಿನಾಗ ಹುಟ್ಟಿದವ, ಜನನ ಪತ್ರ ಇಲ್ಲ. ಯಾರೋ ಏಜೆಂಟ ಮನಿಮಂದಿದೆಲ್ಲಾ ಸಿಎಎ ಅರ್ಜಿ ಹಾಕ್ತೀನಿ, ತಲಿಗೆ ಐದು ಸಾವಿರ ಅಂದಾನಂತ. ಹಾಕಬೇಕೇನ್ರಿ?

ವಕೀಲ್_ರಾಯಚೂರು:
ಮಗ, ಮೊಮ್ಮಗಳ ಹೆಸರಲ್ಲಿ ಹಾಕಿಸಬೇಡಿ. ಆ ಅರ್ಜಿಗೆ ಸಹಿ ಹಾಕಿದರೆ ‘ನಾನು ಹೊರದೇಶದವ’ ಅಂತ ಬರೆದುಕೊಟ್ಟ ಹಾಗೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆ-ತಾಯಿ ಯಾವ ದೇಶದವರೇ ಆಗಿರಲಿ, ಹುಟ್ಟಿನಿಂದಲೇ ನಾಗರಿಕರು. ಅಪ್ಪನಿಗೆ ಬೇಕಿರೋದು ಹುಟ್ಟಿದ್ದು ಇಲ್ಲೇ ಅನ್ನೋ ಪುರಾವೆ ಅಷ್ಟೇ. ಮೊದಲು ಶಾಲೆಯ ದಾಖಲಾತಿ ರಿಜಿಸ್ಟರ್ ನಕಲು ತೆಗೆಸಿ. ತಡವಾದ ಜನನ ನೋಂದಣಿ 2023ರ ತಿದ್ದುಪಡಿ ಆದಮೇಲೆ ಎಸಿ (ಉಪವಿಭಾಗಾಧಿಕಾರಿ) ಹಂತದಲ್ಲಿ ಆಗುತ್ತೆ.

ಅಜ್ಜಿಯದು ಬೇರೆ ವಿಷಯ. ಹಿಂದೆ ಪೌರತ್ವ ನೋಂದಣಿ ಪತ್ರ ಸಿಕ್ಕಿತ್ತಾ, ಡಬ್ಬಿ ಪೂರ್ತಿ ಹುಡುಕಿಸಿ. ಇಲ್ಲದಿದ್ದರೆ ಅವರೊಬ್ಬರಿಗೆ ಸಿಎಎ ದಾರಿ ಇದೆ. 2014ರ ಡಿಸೆಂಬರ್ 31ರೊಳಗೆ ಬಂದಿರಬೇಕು, ಅರ್ಜಿ ಆನ್‌ಲೈನ್, ಜಿಲ್ಲಾ ಸಮಿತಿಗೆ ಅಂಚೆ ಅಧೀಕ್ಷಕರೇ ಮುಖ್ಯಸ್ಥರು. ಆ ಮಾನಾ ಕಾಗದ ಬಂಗಾರ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.

ಒಂದು ಕೇಳೋದಿದೆ. ಹುಡುಗಿ 2004ರ ಡಿಸೆಂಬರ್ ನಂತರ ಹುಟ್ಟಿದವಳು, ಅವಳಿಗೆ ತಾಯಿಯ ಪೌರತ್ವವೂ ಲೆಕ್ಕಕ್ಕೆ ಬರುತ್ತೆ. ತಾಯಿ ಹುಟ್ಟಿದ್ದು ಎಲ್ಲಿ, ಯಾವಾಗ?

ಕ್ಯಾಂಪ್_ಹುಡುಗ:
ಏಜೆಂಟಗ ಐದು ಸಾವಿರ ಯಾಕ್ರಿ? ನಿಮ್ಮ ಅಂಗಡಿ ಎದುರಿಗೇ ಕೋರ್ಟಿನಾಗ ತಾಲ್ಲೂಕು ಕಾನೂನು ಸೇವಾ ಸಮಿತಿ ಐತಿ. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ, ವಕೀಲ್ರು ಪುಕ್ಕಟೆ. 15100ಕ್ಕ ಫೋನ್ ಹಚ್ಚಿದ್ರೂ ಹೇಳ್ತಾರ. ನಮ್ಮವ್ವಂದು ಹಿಂಗೇ ಆತು. ಒಳಗ ಹೋಗಾಕ ಅಂಜಿ ಬಾಗಿಲ ಮುಂದ ಎರಡು ತಾಸು ಕುಂತಿದ್ಲು.

ಜೆರಾಕ್ಸ್ ಅಂಗಡಿಯವ:
ಅಂಚೆಯವ್ರು ಪೌರತ್ವ ನೋಡ್ತಾರ ಅಂದ್ರ ಅಜ್ಜಿ ನಕ್ಕುಬಿಟ್ರು. ಕಾಗದ ಕಲರ್ ಸ್ಕ್ಯಾನ್ ಮಾಡ್ದೆ, ಶಿಕ್ಕಾ ಮೂಡೈತಿ. ತಾಯಿ ಮಹಾರಾಷ್ಟ್ರದ ಬಂಗಾಳಿ ಕ್ಯಾಂಪಿನಾಗ ಹುಟ್ಟಿದವರಂತ, 1986. ಟಿಸಿ ಕಳಿಸ್ರಿ ಅಂತ ಅಲ್ಲಿ ಮಾವಗ ಫೋನ್ ಹಚ್ಯಾರ. ಏಜೆಂಟಗ ಕೊಟ್ಟ ಎರಡು ಸಾವಿರ ಅಡ್ವಾನ್ಸ್ ಬಂದಿಲ್ರಿ.